ಕೊನೆಗೊಂದು ಗೀಟು

ರಕ್ತ ಪರೀಕ್ಷಿಸುವ ಆ ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಪಂಡಿತ ಎನ್ನುತ್ತಿದ್ದರು. ಅದು ಹೊಗಳಿಕೆಯೆಂದೇ ಅವನು ನಂಬಿದ್ದ. ತುಂಬಿದ ಕೊಡ ತುಳುಕುವುದಿಲ್ಲ. ಇವನದು ಅರ್ಧವೂ ತುಂಬದ ಕೊಡ. ರಿಪೋರ್ಟ್ ತಯಾರಿಸಲು ಇಪ್ಪತ್ತು ಸಾಲಿನ ಕಂಪ್ಯೂಟರ್ ಸ್ಕ್ರಿಪ್ಟ್ ಬರೆದಿದ್ದ, ಇನ್ನೂರು ಸಲ ಅದರ ಬಗ್ಗೆ ಕೊಚ್ಚಿಕೊಂಡಿದ್ದ. ಕೌಂಟರಿನಿಂದ ಹೆಸರುಗಳ ಪಟ್ಟಿ, ಮೆಷಿನ್ನಿನಿಂದ ಫಲಿತಾಂಶಗಳ ಪಟ್ಟಿ. ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಸ್ಕ್ರಿಪ್ಟ್ ಗಂಟು ಹಾಕುತ್ತಿತ್ತು.

"ಟ್ಯೂಬಿನ ನಂಬರ್ ನೋಡಿ ಜೋಡಿಸೋಕಾಗಲ್ವಾ?" ಎಂದು ರಕ್ತ ತೆಗೆಯುವ ಅಕ್ಕ ಒಮ್ಮೆ ಕೇಳಿದ್ದಳು.

"ನೀವು ನಿಮ್ಮ ಸೂಜಿ ನೋಡ್ಕೊಳ್ಳಿ" ಎಂದಿದ್ದ.

ಸೋಮವಾರ ಹದಿನೇಳನೆಯ ಟ್ಯೂಬಿನ ರಕ್ತ ಹೆಪ್ಪುಗಟ್ಟಿತು. ಮೆಷಿನ್ ಅದನ್ನು ಬಿಟ್ಟು ಮುಂದೆ ಹೋಯಿತು. ಹೆಸರು ನಲವತ್ತು, ಫಲಿತಾಂಶ ಮೂವತ್ತೊಂಬತ್ತು. ಸಂಖ್ಯೆ ಸಮವಿಲ್ಲವೆಂದು ಸ್ಕ್ರಿಪ್ಟ್ ಹಟ ಹಿಡಿಯಿತು; ಬರೆದವನಿಗಿಂತ ಅದಕ್ಕೇ ಬುದ್ಧಿ ಹೆಚ್ಚು. ಕಾಣೆಯಾದದ್ದು ಯಾವುದೆಂದು ಹುಡುಕುವುದು ಪಂಡಿತನ ಘನತೆಗೆ ಕಡಿಮೆ. ಫಲಿತಾಂಶಗಳ ಕೊನೆಗೆ ಒಂದು ಗೀಟು ಸೇರಿಸಿದ. ನಲವತ್ತಕ್ಕೆ ನಲವತ್ತಾಯಿತು, ಸ್ಕ್ರಿಪ್ಟ್ ಬಾಯಿ ಮುಚ್ಚಿತು. ಹದಿನೇಳನೆಯವರಿಂದ ಹಿಡಿದು ಪ್ರತಿಯೊಬ್ಬರಿಗೂ ಪಟ್ಟಿಯಲ್ಲಿ ಅವರ ಮುಂದಿನವರ ಫಲಿತಾಂಶ ಹೋಯಿತು, ಕೊನೆಯವರಿಗೆ ಗೀಟು.

ಇಪ್ಪತ್ಮೂರನೆಯವಳು ಅವನ ಅಮ್ಮ. ಹತ್ತು ವರ್ಷದ ಸಕ್ಕರೆ ಕಾಯಿಲೆ ಕಾಗದದ ಮೇಲೆ ಮಾಯವಾಗಿತ್ತು.

"ಡಾಕ್ಟರ್ ಸುಮ್ನೆ ಹೆದರಿಸ್ತಾನಮ್ಮ. ಮಾತ್ರೆ ಬಿಸಾಕು" ಎಂದು ಇಡೀ ಲ್ಯಾಬಿಗೆ ಕೇಳುವಂತೆ ಫೋನಿನಲ್ಲಿ ಅಪ್ಪಣೆ ಕೊಟ್ಟ.

ಗುರುವಾರ ನಲವತ್ತನೆಯವನು, ಒಬ್ಬ ದರ್ಜಿ, ರಿಪೋರ್ಟ್ ಹಿಡಿದು ಬಂದ. "ನನ್ನ ರಕ್ತದಲ್ಲಿ ಬರೀ ಗೀಟೇ ಇದ್ಯಾ?"

ಅಕ್ಕ ನಂಬರ್ ಹಿಡಿದು ಹತ್ತೇ ನಿಮಿಷದಲ್ಲಿ ಎಲ್ಲವನ್ನೂ ತಾಳೆ ನೋಡಿದಳು. "ಹದಿನೇಳರಿಂದ ಎಲ್ಲಾ ಒಂದೊಂದು ಸಾಲು ಜರುಗಿದೆ ಪಂಡಿತ್ರೇ. ನಿಮ್ಮಮ್ಮಂದು ಮುನ್ನೂರಿಪ್ಪತ್ತು."

ಅವನ ಮುಖ ಬಿಳಿಚಿಕೊಂಡಿತು. ಮನೆಗೆ ಫೋನ್ ಮಾಡಿದ. "ಅಮ್ಮ, ಮಾತ್ರೆ ತಗೊಂಡ್ಯಾ?"

"ನೀನೇ ಬೇಡ ಅಂದ್ಯಲ್ಲಪ್ಪ. ಬೆಳಗ್ಗೆಯಿಂದ ಕಣ್ಣು ಮಂಜು, ಎದ್ದು ನಿಲ್ಲೋಕಾಗ್ತಿಲ್ಲ. ನಿನ್ನ ಕಂಪ್ಯೂಟರ್ ಏನಾದ್ರೂ ತಪ್ಪು ಮಾಡ್ತಾ?"

"ಇಲ್ಲಮ್ಮ. ಇಲ್ಲಿ ರಕ್ತ ತೆಗೆಯೋಳು ಎಡವಟ್ಟು ಮಾಡಿದ್ದಾಳೆ."

ಕುಣಿಯಲಾರದವಳಿಗೆ ನೆಲ ಡೊಂಕಂತೆ; ಇವನಿಗೆ ಅಮ್ಮನ ಜೀವ ಹೋಗುತ್ತಿದ್ದರೂ ನೆಲವೇ ಡೊಂಕು. ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. ಫೋನ್ ಕಿತ್ತುಕೊಂಡು, ಪಕ್ಕದ ಮನೆಯವರನ್ನು ಕರೆಸಿ, ಆ ತಾಯಿಯನ್ನು ಆಸ್ಪತ್ರೆಗೆ ಹೊರಡಿಸಿದಳು. ಆಮೇಲೆ ಪಟ್ಟಿಯನ್ನೂ ಫೋನನ್ನೂ ಅವನ ಮುಂದಿಟ್ಟಳು.

"ಇನ್ನೂ ಇಪ್ಪತ್ತೆರಡು ಜನ ಇದ್ದಾರೆ. ಎಡವಟ್ಟು ನಂದೇ ಅಂತ ಬೇಕಾದ್ರೆ ಹೇಳಿ. ಆದ್ರೆ ಈಗ್ಲೇ ಹೇಳಿ."