ಸ್ವೀಟ್‌ಗೆ ಏಳು ಅರ್ಥ, ಪಾಯಸಕ್ಕೆ ಬೆಲ್ಲವಿಲ್ಲ

ಹೋದ ಸೋಮವಾರ ನಾನೇ ಪಾಯಸ ಮಾಡಿದೆ.

ನಗಬೇಡಿ. ಈ ಅಂಕಣ ಓದುವವರಲ್ಲಿ ಗಂಡಸರೇ ಹೆಚ್ಚು ಎಂದು ನಮ್ಮ ಎಡಿಟರು ಹೇಳುತ್ತಾರೆ. ನಿಮ್ಮಲ್ಲಿ ಎಷ್ಟು ಜನ ಒಲೆಯ ಮುಂದೆ ಕೂತು ಹೊಗೆ ಕುಡಿದಿದ್ದೀರಿ? ಕೈ ಎತ್ತಿ ನೋಡೋಣ. (ಯಾರೂ ಎತ್ತಲಿಲ್ಲ. ಗೊತ್ತಿತ್ತು.)

ಅದು ಕಾರ್ತಿಕದ ಕಡೇ ಸೋಮವಾರ. ಮೂರು ತಿಂಗಳಿಂದ ದೇವರಿಗೆ ಬಾಳೆಹಣ್ಣು, ಸಕ್ಕರೆ ಇಟ್ಟು ಕೈ ಮುಗಿದುಬಿಡುತ್ತಿದ್ದೆ. ದೇವರು ದೂರಲಿಲ್ಲ, ನನಗೇ ನಾಚಿಕೆಯಾಯಿತು. ಸ್ನಾನ ಮಾಡಿ, ಮಡಿ ಉಟ್ಟು, ಕಡಲೆಬೇಳೆ ಬೇಯಲು ಇಟ್ಟೆ. ಅನ್ನ, ಸಾರು ಈಗ ಕೈಗೆ ಒಗ್ಗಿವೆ. ಪಾಯಸ ಮಾತ್ರ ಇದೇ ಮೊದಲು.

ನನ್ನ ಮನೆಯಾಕೆ ನಂಜನಗೂಡಿನ ತವರಿಗೆ ಹೋಗಿದ್ದಾಳೆ ಎಂದು ಒಮ್ಮೆ ಇಲ್ಲೇ ಬರೆದಿದ್ದೆ. ಅದನ್ನು ಓದಿದ ಇಬ್ಬರು ಪುಣ್ಯಾತ್ಮರು 'ಗಂಡು ಮಗುವಾಗಲಿ' ಎಂದು ಕಾಗದ ಹಾಕಿದರು. ಅವರ ಬಾಯಿ ಹರಕೆ ನಿಜವಾಗಲಿ. ಆದರೆ ಅವಳು ಹೋದದ್ದು ಬಾಣಂತನಕ್ಕಲ್ಲ. ಹದಿನಾರು ವರ್ಷದಲ್ಲಿ ಆ ಭಾಗ್ಯ ನಮಗೆ ಬಂದಿಲ್ಲ. ಅವಳು ಏಕೆ ಹೋದಳು ಎಂದು ಹೇಳಬೇಕಾದರೆ 'ಸ್ವೀಟ್' ಎಂಬ ಒಂದು ಇಂಗ್ಲಿಷ್ ಪದದಿಂದ ಶುರು ಮಾಡಬೇಕು.

ನರಸೀಪುರದ ಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಶ್ರಾವಣದ ಕೊನೆಯಲ್ಲಿ ಇನ್ಸ್‌ಪೆಕ್ಟರು ಬಂದರು. (ನಮ್ಮವರೇ, ಟೋಪಿ ಹಾಕಿದ ಬಿಳಿ ದೊರೆಗಳಲ್ಲ. ಇಂಗ್ಲಿಷ್ ಮಾತ್ರ ದೊರೆಗಳಿಗಿಂತ ಒಂದು ಕೈ ಮೇಲು.) ಪಾಠ ನೋಡಿ ಮೆಚ್ಚಿದರು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಹೆಡ್‌ಮಾಸ್ಟರೂ, ತಾಲ್ಲೂಕು ಕಚೇರಿಯ ಇಬ್ಬರೂ ಜೊತೆಗಿದ್ದರು. ಪ್ರಮೋಷನ್ ಎಂಬುದು ನಮ್ಮ ಪಡಸಾಲೆಗೇ ಬಂದು ಮಣೆಯ ಮೇಲೆ ಕೂತ ಹಾಗಿತ್ತು ನನಗೆ.

ಎಲೆ ಹಾಕುವವರೆಗೆ ಸುಮ್ಮನೆ ಕೂರುವುದು ಹೇಗೆ? ಸ್ವೀಟ್ ಪದದ ಮೇಲೆ ನಾನು ಒಂದು ಪಾಠ ತಯಾರು ಮಾಡಿಕೊಂಡಿದ್ದೆ. ಏಳು ಅರ್ಥ, ಏಳು ಉದಾಹರಣೆ. ಅದನ್ನೇ ಬಿಚ್ಚಿದೆ. ಹುಳಿಯದ ಹಾಲು ಸ್ವೀಟ್. ಉಪ್ಪಿಲ್ಲದ ಬಾವಿ ನೀರು ಸ್ವೀಟ್. ಹಾಡೂ ಸ್ವೀಟ್, ಹೂವಿನ ವಾಸನೆಯೂ ಸ್ವೀಟ್. ನಾವಾದರೆ ಕಿವಿಗೆ ಇಂಪು, ಮೂಗಿಗೆ ಕಂಪು, ನಾಲಗೆಗೆ ಸಿಹಿ ಎಂದು ಒಂದೊಂದಕ್ಕೂ ಬೇರೆ ಬೇರೆ ಮಾತು ಇಟ್ಟುಕೊಂಡಿದ್ದೇವೆ, ಇಂಗ್ಲಿಷಿನವನು ಒಂದೇ ಸೌಟಿನಲ್ಲಿ ಎಲ್ಲವನ್ನೂ ಬಡಿಸುತ್ತಾನೆ ಎಂದೆ. ಇನ್ಸ್‌ಪೆಕ್ಟರು ತಲೆದೂಗಿದರು. ನಾನು ಉಬ್ಬಿಹೋದೆ.

ಆಮೇಲೆ ಎಲೆ ಹಾಕಿದರು. ನೈವೇದ್ಯವಾಯಿತು. ಬಡಿಸಿದ್ದೂ ಆಯಿತು. ಇನ್ಸ್‌ಪೆಕ್ಟರು ಎಲ್ಲಕ್ಕಿಂತ ಮೊದಲು ಪಾಯಸವನ್ನೇ ಬಾಯಿಗಿಟ್ಟರು. ಕೈ ಅಲ್ಲೇ ನಿಂತಿತು. ಮೆಲ್ಲಗೆ ಅದನ್ನು ಎಲೆಯ ತುದಿಗೆ ಸರಿಸಿದರು. ನಾನೂ ಬಾಯಿಗಿಟ್ಟೆ. ಬೆಲ್ಲವೇ ಇಲ್ಲ! ಬರೀ ಬೇಯಿಸಿದ ಬೇಳೆ, ತೆಂಗಿನ ಹಾಲು. ಸಪ್ಪೆ ಅಂದರೆ ಸಪ್ಪೆ.

ನನಗೆ ಎಲ್ಲಿತ್ತೋ ಸಿಟ್ಟು. ಕೂತಲ್ಲಿಂದಲೇ ಒಳಗೆ ಕೂಗಿದೆ.

"ಪಾಯಸಕ್ಕೆ ಬೆಲ್ಲ ಹಾಕಬೇಕು ಅನ್ನೋ ಬುದ್ಧೀನೂ ಇಲ್ಲವೇನೇ? ಎಮ್ಮೆಗಿಡೋ ಕಲಗಚ್ಚು ಮಾಡಿಟ್ಟಿದ್ದೀಯಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಅವಳು ಹುಳಿಯ ಪಾತ್ರೆ ಹಿಡಿದು ಬಂದು, ತಲೆ ಎತ್ತದೆ ಎಲ್ಲರಿಗೂ ಬಡಿಸಿ ಹೋದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ದೇವರಿಗೆ ಇಡುವ ಮೊದಲು ಅಡಿಗೆಯನ್ನು ಯಾರೂ ರುಚಿ ನೋಡುವ ಹಾಗಿಲ್ಲ. ನಿಮ್ಮ ಮನೆಯಲ್ಲೂ ಹಾಗೇ ಇರಬಹುದು, ಆದರೆ ನನ್ನಷ್ಟು ಕಟ್ಟುನಿಟ್ಟು ಇರಲಾರದು. ಅವಳು ಹೊಸದಾಗಿ ಸಂಸಾರಕ್ಕೆ ಬಂದಾಗ ಒಮ್ಮೆ ಹುಳಿಯನ್ನು ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡಿದಳು. ನಾನು ಕಂಡೆ. ಅಷ್ಟೂ ಹುಳಿ ಚೆಲ್ಲಿಸಿ, ಅವಳಿಗೆ ಮತ್ತೆ ಸ್ನಾನ ಮಾಡಿಸಿ, ಮತ್ತೆ ಅಡಿಗೆ ಮಾಡಿಸಿದೆ. ಹದಿನೈದು ವರ್ಷದ ಹುಡುಗಿ. ಅಳುತ್ತಾ ಬೇಳೆ ತೊಳೆದಳು. ಕಾಲೇಜಿನಲ್ಲಿ ಇಂಗ್ಲಿಷ್ ಓದಿ ಬಂದ ಮಹಾಶಯ ನಾನು!

ಅಂದರೆ ರುಚಿ ನೋಡಬೇಡ ಎಂದವನೂ ನಾನೇ, ರುಚಿಯಿಲ್ಲ ಎಂದು ಕೂಗಿದವನೂ ನಾನೇ.

ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಒಂದು ವಾರ ಕಳೆದ ಮೇಲೆ ಅವಳ ತಮ್ಮ ಗಾಡಿ ತಂದ. 'ಅಮ್ಮನಿಗೆ ಮಂಡಿ ನೋವು, ಹೋಗಿ ಬರ್ತೀನಿ' ಎಂದಳು. ಹೋದಳು. ಗೌರಿ ಹಬ್ಬ ಕಳೆಯಿತು, ನವರಾತ್ರಿ ಕಳೆಯಿತು. ದೀಪಾವಳಿಗೆ ಬನ್ನಿ ಎಂದು ಮಾವನವರ ಕಾಗದ ಬಂತು. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಅವಳದು ಒಂದಕ್ಷರವಿಲ್ಲ. ಬರೆಯಲು ಕಲಿಸಿದವನು ನಾನೇ, ಬಾರದೇ ಏನಲ್ಲ. ಸ್ಕೂಲಿನಲ್ಲಿ ಬಿಡುವಿಲ್ಲ ಎಂದು ಸುಳ್ಳು ಬರೆದು, ದೀಪಾವಳಿಯ ದಿನ ಒಬ್ಬನೇ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಂಡೆ. ಬೆನ್ನಿಗೆ ಕೈ ಎಟುಕಲಿಲ್ಲ.

ಒಂಟಿತನ ಅಂದರೆ ಏನೋ ದೊಡ್ಡದು ಎಂದುಕೊಂಡಿದ್ದೆ. ಬೆನ್ನಿನ ಮಧ್ಯೆ ಎಣ್ಣೆ ಉಳಿದುಹೋಗುವುದು, ಅಷ್ಟೇ.

ಇರಲಿ, ಸೋಮವಾರದ ಪಾಯಸಕ್ಕೆ ಬರೋಣ. ಬೇಳೆ ಬೆಂದಿತು. ಸಂತೆಯಲ್ಲಿ ಸೋಸಲೆ ಊರಿನವನ ಹತ್ತಿರ ಕೊಂಡ ಅಚ್ಚು ಬೆಲ್ಲ ಕುಟ್ಟಿ ಹಾಕಿದೆ. ಅಷ್ಟರಲ್ಲಿ ಹಾಲು ಉಕ್ಕಿತು, ಓಡಿದೆ. ಬಂದು ನೋಡಿದರೆ ಬೆಲ್ಲ ಎಷ್ಟು ಹಾಕಿದೆನೋ ನೆನಪಿಲ್ಲ. ಕೆಂಪಗಿದೆ, ಸಾಕೋ ಸಾಲದೋ ತಿಳಿಯದು. ಸೌಟು ಹಿಡಿದು ಎಷ್ಟೋ ಹೊತ್ತು ನಿಂತೆ. ಮನೆಯಲ್ಲಿ ಯಾರೂ ಇಲ್ಲ, ಒಂದು ತೊಟ್ಟು ನೆಕ್ಕಿದರೆ ಕೇಳುವವರಿಲ್ಲ. ಆದರೆ ಅವಳಿಂದ ಹುಳಿ ಚೆಲ್ಲಿಸಿದವನು ನಾನು ಹೇಗೆ ನೆಕ್ಕಲಿ? ಇನ್ನೂ ಒಂದು ಅಚ್ಚು ಹಾಕಿಬಿಟ್ಟೆ.

ಮಂಗಳವಾರ ಬೆಳಿಗ್ಗೆ ಕಂದಾಯದ ಶೇಕ್‌ದಾರ್ ಮಾದಪ್ಪನವರು ಬಂದರು. ನಂಜನಗೂಡಿನ ಹತ್ತಿರದ ಹೆಡತಲೆ ಊರಿನವರು, ನಲವತ್ತು ದಾಟಿದೆ, ಮೀಸೆ ದೊಡ್ಡದು. ಇಂಗ್ಲಿಷ್ ಬಂದರೆ ಮೇಲಕ್ಕೆ ಹೋಗಬಹುದೆಂದು ದಿನಾ ನನ್ನ ಹತ್ತಿರ ಒಂದು ಗಂಟೆ ಪಾಠ. ಉಳಿದ ಪಾಯಸ ಬಿಸಿ ಮಾಡಿ ಅವರ ಮುಂದಿಟ್ಟೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಇದೇನ್ ಮೇಷ್ಟ್ರೇ? ಬೆಲ್ಲುಕ್ಕೆ ಬೇಳೆ ಆಕಿದ್ದೀರಾ?"

ಸೋಮವಾರ ರಾತ್ರಿ ಅದನ್ನು ಒಬ್ಬನೇ ಉಂಡಿದ್ದೆ. ಚೆನ್ನಾಗಿದೆ ಅನ್ನುವವರೂ ಇರಲಿಲ್ಲ, ಥೂ ಅನ್ನುವವರೂ ಇರಲಿಲ್ಲ. ಮಾದಪ್ಪನವರ ಬೈಗುಳ ಕೇಳಿ ಜೀವಕ್ಕೆ ಹಿತವಾಯಿತು.

ಅವತ್ತಿನ ಪಾಠವೂ ಸ್ವೀಟ್ ಪದವೇ. ಮಾದಪ್ಪನವರು ಇನ್ಸ್‌ಪೆಕ್ಟರ ಹಾಗೆ ತಲೆದೂಗುವ ಪೈಕಿಯಲ್ಲ. ಸ್ವೀಟ್‌ಮೀಟ್ ಎಂದೊಡನೆ ಹಿಂದಕ್ಕೆ ಸರಿದು ಕೂತರು, ನಾವು ಮಾಂಸ ಮುಟ್ಟೋ ಜನ ಅಲ್ಲ ಎಂದರು. ಅದು ಮಿಠಾಯಿ ಎಂದು ನಂಬಿಸುವುದಕ್ಕೆ ಡಿಕ್ಷನರಿ ತೆಗೆಯಬೇಕಾಯಿತು. ನಿದ್ದೆ ಸ್ವೀಟು, ಗುಣ ಸ್ವೀಟು, ಮನೆಯೂ ಸ್ವೀಟು ಎಂದು ನಾನು ಹೇಳುತ್ತಾ ಹೋದೆ.

"ಇಂಗೆ ಕಂಡ ಕಂಡ ಕಡೆ ಬೆಲ್ಲ ಆಕುದ್ರೆ ಇರುವೆ ಮುತ್ಕಳಕಿಲ್ವಾ?"

ಕೊನೆಗೆ ಸ್ವೀಟ್‌ಹಾರ್ಟ್ ಬಂತು. ಇಂಗ್ಲಿಷಿನವರು ಮನಸ್ಸಿಗೆ ಒಪ್ಪಿದ ಹೆಣ್ಣನ್ನು ಹಾಗೆ ಕರೆಯುತ್ತಾರೆ ಎಂದೆ. ಕೆಲವರು ಮದುವೆಯಾದ ಮೇಲೂ ಬಿಡುವುದಿಲ್ಲ ಎಂದೆ. ಮಾದಪ್ಪನವರು ಮೀಸೆ ತಿರುವಿದರು.

"ನೀವು ಅಮ್ಮಾವ್ರನ್ನ ಏನಂತ ಕರೀತಿದ್ರಿ ಮೇಷ್ಟ್ರೇ?"

ಏನಂತ ಕರೆಯುತ್ತಿದ್ದೆ? 'ಏ' ಅಂತ. ಬಹಳ ಸಂತೋಷವಾಗಿದ್ದ ದಿನ 'ಇವಳೇ' ಅಂತ.

ಅಳು ಬಂದುಬಿಟ್ಟಿತು. ಶೇಕ್‌ದಾರರ ಮುಂದೆ, ಬೆಳಗಿನ ಹೊತ್ತು, ಕೈಯಲ್ಲಿ ಡಿಕ್ಷನರಿ ಹಿಡಿದುಕೊಂಡು. ಇನ್ಸ್‌ಪೆಕ್ಟರ ಊಟದ ಕಥೆಯನ್ನೆಲ್ಲ ಅವರಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಸನಿವಾರ ನಾನು ನಮ್ಮೂರ್ ಅಟ್ಟೀಗೆ ಓಯ್ತೀನಿ. ನನ್ ಗಾಡೀಲೇ ಬನ್ನಿ, ನಂಜನಗೂಡ್ಗಂಟ ಬಿಟ್ಕೊಡ್ತೀನಿ. ಓಗಿ ತಪ್ಪಾಯ್ತು ಅನ್ನಿ, ಕರ್ಕೊಂಡ್ ಬನ್ನಿ."

"ಸಾರಿ ಅಂದರೆ ಸಾಲದೇ?"

"ಅಮ್ಮಾವ್ರಿಗೆ ತಿಳಿಯೋ ಮಾತಲ್ಲಿ ಏಳಿ ಸಾ. ಇಂಗ್ಲಿಷು ನನಗಿರ್ಲಿ."

ಹೋದೆ. ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಿಪಾಠ ಮಾಡಿದೆ. ಗಂಡ ಹೆಂಡತಿಗೆ ತಪ್ಪಾಯಿತು ಎಂದದ್ದನ್ನು ನಮ್ಮ ಮನೆತನದಲ್ಲಿ ನಾನು ಕೇಳಿಲ್ಲ. ನಮ್ಮಪ್ಪ ಅಂದಿರಲಾರರು. ಅವರಪ್ಪ ಖಂಡಿತ ಅಂದಿಲ್ಲ.

ಮಾವನ ಮನೆ ಕಪಿಲೆಯ ದಂಡೆಗೆ ಹತ್ತಿರ. ಅತ್ತೆಯವರು ಬಾಗಿಲ ಮರೆಯಿಂದಲೇ ಯೋಗಕ್ಷೇಮ ಕೇಳಿದರು. (ಮಂಡಿ ನೋವಿನ ಅತ್ತೆ ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಹಿತ್ತಿಲಿನಿಂದ ಬಂದದ್ದನ್ನು ಕಣ್ಣಾರೆ ಕಂಡೆ. ಯಾರಿಗೂ ಹೇಳಲಿಲ್ಲ.) ಊಟವಾಯಿತು. ಅವಳೇ ಬಡಿಸಿದಳು. ಸ್ವಲ್ಪ ಇಳಿದಿದ್ದಾಳೆ. ಅಡಿಗೆ ಹೇಗಿತ್ತೆಂದು ಕೇಳಿದರೆ ಹೇಳಲಾರೆ.

ಊಟವಾದ ಮೇಲೆ ಮಾವನವರು ಹೊಳೆಯ ಕಡೆ ಹೋಗಿಬರುತ್ತೇನೆ ಎಂದು ಎದ್ದರು. ಅವಳು ಎಲೆಅಡಿಕೆ ತಟ್ಟೆ ತಂದಿಟ್ಟು ಕಂಬದ ಪಕ್ಕ ನಿಂತಳು.

"ತಪ್ಪಾಯಿತು" ಎಂದೆ.

ನಾನು ಇನ್ನೂ ಧಾರಾಳಿಯಾದೆ. "ಇನ್ನು ಮೇಲೆ ರುಚಿ ನೋಡಿಯೇ ಬಡಿಸು. ದೇವರಿಗೆ ನಾನು ಹೇಳಿಕೊಳ್ಳುತ್ತೇನೆ. ಬೆಲ್ಲ ಮರೆಯುವುದು ಯಾರಿಗೂ ಆಗುವ ತಪ್ಪೇ."

ಅವಳು ತಲೆ ಎತ್ತಿದಳು.

"ಬೆಲ್ಲ ಮರೆತೆ ಅಂದ್ಕೊಂಡಿದೀರಾ?"

"ಮತ್ತೆ?"

"ಮುಗಿದಿದೆ ಅಂತ ಹಿಂದಿನ ದಿನವೇ ಹೇಳಿದ್ದೆ. ತರ್ತೀನಿ ಅಂದ್ರಿ. ಭರಣಿ ತೊಳೆದ ಹಾಗೆ ಬಳಿದರೂ ಅಡಿಕೆ ಗಾತ್ರ ಸಿಕ್ತು. ಮಡೀಲಿದ್ದೆ, ಪಕ್ಕದ ಮನೆಗೆ ಹೋಗೋ ಹಾಗಿರಲಿಲ್ಲ. ಹೊರಗೆ ದೊಡ್ಡೋರು ಕೂತಿದ್ರು, ನಿಮ್ಮನ್ನ ಕೂಗೋ ಹಾಗೂ ಇರಲಿಲ್ಲ. ಒಳಬಾಗಿಲ ಚಿಲಕ ಅಲ್ಲಾಡಿಸಿದೆ. ಮೂರು ಸಲ. ನೀವು ಒಂದು ಸಲ ತಿರುಗಿ ನೋಡಿದ್ರಿ."

ನೋಡಿದ್ದೆ. ಅವಳು ಹೇಳುತ್ತಿದ್ದ ಹಾಗೇ ನೆನಪಾಯಿತು. ಚಿಲಕ ಸದ್ದಾಗಿತ್ತು. ನಾನು ಆಗ ನಾಲ್ಕನೆಯ ಅರ್ಥದಲ್ಲಿದ್ದೆ. ಇನ್ಸ್‌ಪೆಕ್ಟರ ಮುಖ ಅರಳಿತ್ತು, ನಡುವೆ ಏಳುವುದು ಹೇಗೆ? ಆ ಸದ್ದು ಅವರಿಗೆ ಕೇಳಿಸದಿರಲಿ ಎಂದು ದನಿ ಏರಿಸಿದೆ. ಸ್ವೀಟ್ ಪದದ ಐದನೆಯ ಅರ್ಥವನ್ನು ನಾನು ಕೂಗಿ ಹೇಳಿದ್ದು ಅದಕ್ಕೇ.

"ಬೈದದ್ದಕ್ಕೆ ಬಂದೆ ಅಂದ್ಕೋಬೇಡಿ" ಎಂದಳು. "ಬೈಗುಳ ಯಾವ ಮನೇಲಿಲ್ಲ? ನೋಡಿಯೂ ತಿರುಗಿ ಕೂತ್ರಲ್ಲ, ಅದಕ್ಕೆ ಬಂದೆ."

ಹೊರಡೋಣವೇ ಎಂದೆ. ಅಮ್ಮನ ಮಂಡಿ ವಾಸಿಯಾಗಲಿ ಎಂದಳು. ನಾನು ಮೆಟ್ಟು ಹಾಕಿಕೊಳ್ಳುವಾಗ ಹಿಂದಿನಿಂದ ಇನ್ನೊಂದು ಮಾತು ಬಂತು.

"ತಪ್ಪಾಯ್ತು ಅಂತ ನನ್ನೊಬ್ಬಳ ಮುಂದೆ ಅಂದ್ರಿ. ಬೈದಾಗ ನಾಲ್ಕು ಜನ ಇದ್ರು."

ಮಾವನವರು ಈ ಪತ್ರಿಕೆ ತರಿಸುತ್ತಾರೆ. ಅವರು ಓದಿ ಮಡಿಸಿಟ್ಟ ಮೇಲೆ ಅವಳು ಓದುತ್ತಾಳೆ. ಆದ್ದರಿಂದ ನಿಮ್ಮೆಲ್ಲರ ಮುಂದೆ ಬರೆಯುತ್ತಿದ್ದೇನೆ: ತಪ್ಪು ನನ್ನದು. ಪಾಯಸ ಸಪ್ಪೆಯಾದದ್ದು ನನ್ನಿಂದ, ಅದನ್ನು ಕಲಗಚ್ಚು ಎಂದದ್ದೂ ನಾನು. ಅವಳು ಬರುತ್ತಾಳೋ ಇಲ್ಲವೋ ನನಗೆ ತಿಳಿಯದು. ಮನೆ ಗುಡಿಸಿಟ್ಟಿದ್ದೇನೆ.

ಅಂದ ಹಾಗೆ, ನೀವು ಇಷ್ಟು ಹೊತ್ತು ನನ್ನ ಮಾತಿಗೆ ತಲೆದೂಗುತ್ತಾ ಕೂತಿದ್ದೀರಲ್ಲ, ನಿಮ್ಮ ಒಳಬಾಗಿಲ ಚಿಲಕ ಎಷ್ಟು ಸಲ ಸದ್ದಾಯಿತು?