ಹುಡುಕಾಟ ನಿಂತ ಸುದ್ದಿ

ನೌಕಾಪಡೆಯವರಿಬ್ಬರು ಮನೆಗೆ ಬಂದಾಗ ಅಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹೊಸೂರಿನ ಹತ್ತಿರ, ಸಾನಮಾವು ಕಾಡಿನಂಚಿನ ನಮ್ಮೂರಲ್ಲಿ ಆ ಬಿಳಿ ಸಮವಸ್ತ್ರ ಹಾಕಿದವನು ನನ್ನ ಅಣ್ಣ ಒಬ್ಬನೇ. ಬಿರುಗಾಳಿಯಲ್ಲಿ ಅವನು ಹಡಗಿನಿಂದ ಸಮುದ್ರಕ್ಕೆ ಬಿದ್ದ, ಹುಡುಕುತ್ತಿದ್ದೇವೆ ಎಂದು ನಾಲ್ಕು ದಿನದ ಹಿಂದೆ ಫೋನ್ ಬಂದಿತ್ತು.

ಬಂದ ಇಬ್ಬರಿಗೂ ಕನ್ನಡ, ತಮಿಳು ಎರಡೂ ಬರದು. ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನಗೆ ಮಾತ್ರ ಇಂಗ್ಲಿಷ್ ತಿಳಿಯುತ್ತಿತ್ತು. ಅವರಲ್ಲಿ ಹಿರಿಯ ಅಧಿಕಾರಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ನಿಂತೇ ಹೇಳಿದರು: ನಿನ್ನೆ ಸಂಜೆಗೆ ಹುಡುಕಾಟ ನಿಲ್ಲಿಸಿದ್ದೇವೆ, ಅವನು ಬದುಕಿರುವ ಭರವಸೆ ಇಲ್ಲ.

"ಏನಂತೆ ಮಗ್ಳೇ?" ಅಂದಳು ಅಮ್ಮ. ಅವಳ ಮಡಿಲ ತುಂಬ ಅವರೆಕಾಯಿ ಸಿಪ್ಪೆ.

"ಇನ್ನೂ ಹುಡುಕ್ತಾವ್ರಂತೆ," ಅಂದುಬಿಟ್ಟೆ.

ಅಮ್ಮ ಎದ್ದು ಕಾಫಿ ಕಾಯಿಸಲು ಹೋದಳು. ಅಧಿಕಾರಿ ನನ್ನ ಮುಖವನ್ನೇ ನೋಡಿದರು. ಕಾಫಿ ಕುಡಿದು ಇಬ್ಬರೂ ಹೋದರು.

ಹೊಲದಿಂದ ಬಂದ ಅಪ್ಪನಿಗೂ ಅದನ್ನೇ ಹೇಳಿದೆ. ಸಂಜೆ ನಿಜ ಹೇಳೋಣ ಅಂದುಕೊಂಡೆ. ಆಮೇಲೆ ನಾಳೆ ಅಂದುಕೊಂಡೆ. ಅಷ್ಟರಲ್ಲಿ ಅಮ್ಮ, ಅಳುತ್ತಾ ಬಂದ ನೆಂಟರನ್ನು ಬಾಗಿಲಲ್ಲೇ ತಡೆಯತೊಡಗಿದ್ದಳು. "ಕೆರೇಲಿ ಈಜು ಕಲ್ತವ್ನೆ ನನ್ನ ಮಗ. ಸಿಕ್ತಾನೆ. ಅಳೋದಾದ್ರೆ ನಿಮ್ಮನೇಲಿ ಅಳ್ರಿ." ನಾನು ಅವಳ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಅಧಿಕಾರಿ ಬಂದುಹೋದ ಹನ್ನೊಂದನೇ ದಿನ, ಕೃಷ್ಣಗಿರಿಯ ಸರ್ಕಾರಿ ಕಚೇರಿಗೆ ಬರಬೇಕೆಂದು ಅಪ್ಪನಿಗೆ ಕರೆ ಬಂತು. ಅಲ್ಲಿನ ಗುಮಾಸ್ತರು ಅಣ್ಣನ ಬಗ್ಗೆ ನೌಕಾಪಡೆ ಕಳಿಸಿದ್ದ ಕಾಗದವನ್ನು ತಮಿಳಲ್ಲಿ ಬಿಡಿಸಿ ಹೇಳಿದ್ದರು. ಅಪ್ಪ ಬಂದವನೇ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದ.

"ಹುಡುಕೋದು ನಿಲ್ಸಿದೀವಿ ಅಂತ ಅವತ್ತೇ ಹೇಳಿದ್ರಾ?"

"ಹೂಂ."

"ನಿಮ್ಮಮ್ಮಂಗೆ ನೀನೇ ಹೇಳು. ನನ್ ಕೈಲಾಗಲ್ಲ."

ಹೇಳಿದೆ. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅಮ್ಮ, "ಇಷ್ಟು ದಿನ ಊರಿಗೆಲ್ಲ ನನ್ನ ಮಗ ಬತ್ತಾನೆ ಅಂತ ಹೇಳ್ಸಿಬಿಟ್ಯಲ್ಲ," ಅಂದಳು.

ಮುಂದಿನ ವಾರ ಅಣ್ಣನ ಟ್ರಂಕು ಬಂತು. ತಂದವನು ಅವನ ಜೊತೆಯವನೇ, ತಮಿಳು ಹುಡುಗ. ಹಡಗಿನ ಎಂಜಿನ್ ನಿಲ್ಲಿಸಿ, ಎಲ್ಲರೂ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದು, ಅಣ್ಣ ಬಿದ್ದ ಕಡೆ ಹೂವಿನ ಚಕ್ರ ತೇಲಿಬಿಟ್ಟ ಫೋಟೋವನ್ನೂ ತಂದಿದ್ದ. ಅಮ್ಮ ಅದನ್ನು ನೋಡಿ ಕೆಳಗಿಟ್ಟಳು. "ನೀನು ಒಳಗೋಗು," ಅಂದಳು ನನಗೆ. ಅವಳಿಗೆ ಸಂತೆಯ ತಮಿಳು ಬರುತ್ತಿತ್ತು. ಆ ಅರೆಬರೆ ತಮಿಳಲ್ಲೇ ಅವನ ಹತ್ತಿರ ಮಾತಾಡಿದಳು.

ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಹಡಗಿನ ಮೇಲೆ ಕಟ್ಟಿದ್ದ ದೋಣಿಯೊಂದು ಸಡಿಲವಾಗಿ, ಅದನ್ನು ಬಿಗಿಯಲು ಹೋದಾಗ ಅಲೆ ಅಣ್ಣನನ್ನು ಎಳೆದುಕೊಂಡಿತಂತೆ. ಎರಡು ಸಲ ತಲೆ ಕಂಡಿತಂತೆ. ಹಡಗು ತಿರುಗಿಸಿ ಬರುವಷ್ಟರಲ್ಲಿ ಏನೂ ಇರಲಿಲ್ಲವಂತೆ.

"ಕೂಗಿದ್ನಾ?" ಅಂತ ಕೇಳಿದಳು ಅಮ್ಮ.

"ಗೊತ್ತಿಲ್ಲಮ್ಮ. ಗಾಳೀಲಿ ಏನೂ ಕೇಳಿಸ್ತಿರಲಿಲ್ಲ," ಅಂದ ಅವನು. ನಾನು ಮುಚ್ಚಿಟ್ಟ ಹಾಗೆ ಅವನು ಏನನ್ನೂ ಮುಚ್ಚಿಡಲಿಲ್ಲ. ಅಮ್ಮ ಆಗ ಅತ್ತಳು, ಮೊದಲ ಸಲ.

ನಮ್ಮಲ್ಲಿ ಹೂಳುವುದು ರೂಢಿ. ಹೂಳಲು ದೇಹವಿರಲಿಲ್ಲ. ಮಾರನೆಯ ಬೆಳಿಗ್ಗೆ ಅಪ್ಪ ಹೊಲದ ಬದುವಿನಲ್ಲಿ ಗುಂಡಿ ತೋಡಿದ. ಅಣ್ಣನ ಬಿಳಿ ಸಮವಸ್ತ್ರವನ್ನು ಆ ಹುಡುಗ ನೌಕಾಪಡೆಯ ಪದ್ಧತಿಯಂತೆ ಮಡಚಿ, ಮೇಲೆ ಟೋಪಿ ಇಟ್ಟು ಕೊಟ್ಟ; ಅಪ್ಪ ಅದನ್ನು ಗುಂಡಿಗೆ ಇಳಿಸಿದ. ಮಣ್ಣು ಹಾಕಲು ನನ್ನನ್ನೂ ಕರೆಯುತ್ತಾಳೇನೋ ಎಂದು ಕಾದೆ. ಅಮ್ಮ ಕರೆಯಲಿಲ್ಲ. ಎಲ್ಲರೂ ಹೋದ ಮೇಲೆ ಒಬ್ಬಳೇ ಹೋಗಿ ಒಂದು ಹಿಡಿ ಹಾಕಿ ಬಂದೆ.