ರಜಿಯಾ ಆಪಾ ತಡೆದ ಜೆಲ್ಲಿ

ಗೆಳೆಯರೇ, ನನ್ನ ಹೆಂಡತಿ ಶರಣವ್ವ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಆ ನೇಮ ಇವತ್ತು ಉಳಿದದ್ದು ನಾರಾಯಣಗೂಡದ ನಮ್ಮ ಕೆಳಗಿನ ಮನೆಯ ರಜಿಯಾ ಆಪಾ ಅವರಿಂದ.

ಸೊಸೆಗೆ ಸಾಫ್ಟ್‌ವೇರ್ ಆಫೀಸಿನಲ್ಲಿ ಯಾರೋ ವಿದೇಶದ ಜೆಲ್ಲಿ ಮಿಠಾಯಿ ಕೊಟ್ಟಿದ್ದರು. ಶರಣವ್ವ ಪೊಟ್ಟಣವನ್ನು ಆಪಾ ಮುಂದೆ ಹಿಡಿದು, ತಾನೂ ಒಂದನ್ನು ಬಾಯಿಗೆ ಒಯ್ದಳು. ಬೀದರಿನಿಂದ ಬಂದು ಇಲ್ಲಿ ನೆಲೆಸಿದ ಆಪಾ ಪೊಟ್ಟಣದ ಹಿಂಬದಿ ಓದಿ ಅವಳ ಕೈ ಹಿಡಿದರು.

“ನಿಂದರ್ರಿ ಅಕ್ಕಾ. ಇದರಾಗ ಜೆಲಾಟಿನ್ ಐತಿ. ಯಾವ ಪ್ರಾಣಿದು ಅಂತ ಬರೆದಿಲ್ಲ. ನಮಗ ಹಲಾಲ್ ಹೌದೋ ಅಲ್ಲೋ ಗೊತ್ತಿಲ್ಲ, ನಿಮಗಂತೂ ಯಾವುದೂ ನಡಿಯಂಗಿಲ್ಲ.”

“ಜೆಲಾಟಿನ್ ಅಂದ್ರೇನ್ರಿ?”

“ಎಲುಬು, ತೊಗಲು ಕುದಿಸಿ ತೆಗೆದದ್ದು.”

ಶರಣವ್ವ ಎದ್ದು ಹೋಗಿ ಕೈ ತೊಳೆದುಕೊಂಡಳು. ಸಂಜೆ ಆಪಾ ತಟ್ಟೆಯ ತುಂಬ ನಡುಗುವ ಬಿಳಿ ತುಂಡುಗಳನ್ನು ತಂದರು. ಶರಣವ್ವ ಅನುಮಾನದಿಂದ ನೋಡಿದಳು.

“ಹೆದರಬ್ಯಾಡ್ರಿ, ಚೈನಾ ಗ್ರಾಸ್ ಇದು, ಸಮುದ್ರದ ಪಾಚಿ. ಉಳಿದದ್ದು ಹಾಲು, ಸಕ್ಕರಿ.”

ನಾನು ಸುಮ್ಮನಿರಲಾರದೆ, “ಹಾಲೂ ಹೌದು, ಹಲಾಲೂ ಹೌದು” ಎಂದೆ.

ಆಪಾ ನಕ್ಕರು. ಶರಣವ್ವ, “ಬಾಯಿ ಮುಚ್ಚಿಕೊಂಡು ತಿನ್ರಿ” ಎಂದಳು.

ಆಪಾಗೆ ಮನಸಾರೆ ಕೈ ಮುಗಿದೆ. ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆಂದು ಮಾತ್ರ ಇನ್ನೂ ತಿಳಿದಿಲ್ಲ.